ಹೊಸ ಫಿಲ್ಮಿನ ಕಾವು

ಅಟ್ಟೂರಿನ ಕಲಾವತಿ ಹದಿನೇಳು ವರ್ಷಗಳಿಂದ ಯಶವಂತಪುರದ ಒಂದು ಪೌಚ್ ಫ್ಯಾಕ್ಟರಿಯಲ್ಲಿ ಸೀಲಿಂಗ್ ಮೆಷಿನ್ ನಡೆಸುತ್ತಿದ್ದಳು. ಸಾರಿನ ಪುಡಿ, ಚಟ್ನಿ ಪುಡಿ ತುಂಬುವ ಪೌಚುಗಳ ಅಂಚನ್ನು ಬಿಸಿಯಲ್ಲಿ ಒತ್ತಿ ಬೆಸೆಯುವ ಕೆಲಸ. ಹೆಬ್ಬೆರಳಿನಲ್ಲಿ ಸವರಿದರೆ ಸಾಕು, ಸೀಲು ಹಿಡಿದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು.

ಆ ಹೆಬ್ಬೆರಳು ಕೈಕೊಟ್ಟಿದ್ದು ಪೌಚು ಮಾಡುವ ಹೊಸ ಪ್ಲಾಸ್ಟಿಕ್ ಫಿಲ್ಮು ಬಂದ ದಿನ. ಹಳೆಯದರಲ್ಲಿ ಬೇರೆಬೇರೆ ಪ್ಲಾಸ್ಟಿಕ್ಕಿನ ಪದರಗಳು ಅಂಟಿಕೊಂಡಿರುತ್ತಿದ್ದವು. ಬಿಡಿಸಲಾಗದ್ದರಿಂದ ರೀಸೈಕಲ್ಲಿಗೆ ಬರುತ್ತಿರಲಿಲ್ಲ. ಹೊಸದು ಒಳಗೂ ಹೊರಗೂ ಒಂದೇ ಪ್ಲಾಸ್ಟಿಕ್, ಕರಗಿಸಿ ಮತ್ತೆ ಬಳಸಬಹುದು. ಆದರೆ ಹಳೆಯ ಕಾವಿಗೆ ಅದರ ಹೊರಮೈಯೂ ಕರಗಿ ಮೆಷಿನ್ನಿಗೆ ಮೆತ್ತಿಕೊಂಡಿತು. ಕಾವು ಇಳಿಸಿದರೆ ಸೀಲು ಬಿಟ್ಟುಕೊಂಡಿತು. ಮೆಷಿನ್ ನಿಧಾನ ಮಾಡಿ, ಹೆಚ್ಚು ಹೊತ್ತು ಒತ್ತಿದ ಮೇಲೆ, ಮಧ್ಯಾಹ್ನಕ್ಕೆ ಹದ ಸಿಕ್ಕಿತು. ಪೌಚಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಒಂದು ಗುಳ್ಳೆಯೂ ಏಳಲಿಲ್ಲ.

ಸಂಜೆ ಬಸ್ಸು ಎಂ.ಎಸ್. ಪಾಳ್ಯ ದಾಟುವಾಗ ಅವಳಿಗೆ ಥಟ್ಟನೆ ನೆನಪಾಯಿತು. ಹದ ಸಿಗುವ ಮೊದಲೇ ಒತ್ತಿದ ಎರಡು ಬಾಕ್ಸು ಪೌಚನ್ನು, ಬರೀ ಬೆರಳು ಸವರಿ, ಸರಿಯಿದೆಯೆಂದು ತಾನೇ ಪಕ್ಕಕ್ಕಿಟ್ಟಿದ್ದಳು. ಅವೂ ಲಾರಿ ಹತ್ತಿದ್ದವು.

ಮನೆಯಲ್ಲಿ ಗಂಡ ಮಹೇಂದ್ರ, "ಸುಮ್ನಿರು. ಹೊಸ ಮಾಲು, ಲೀಕಾದ್ರೆ ತಪ್ಪು ಫಿಲ್ಮ್ ಮೇಲೆ ಹಾಕ್ತಾರೆ" ಎಂದ.

"ಅದೇ ಕಣ್ರೀ ಭಯ. ತಪ್ಪು ನಂದು, ಫಿಲ್ಮ್ ಸರಿಯಿಲ್ಲ ಅಂತ ಅದನ್ನೇ ನಿಲ್ಸಿಬಿಡ್ತಾರೆ."

ಎರಡು ಸಲ ಫೋನ್ ತೆಗೆದು ಇಟ್ಟಳು. ಮೂರನೇ ಸಲ ಸೂಪರ್‌ವೈಸರ್ ಗೋಪಿಗೆ ಹಚ್ಚಿದಳು.

"ಸಾರ್, ಮೊದಲ್ನೇ ಎರಡು ಬಾಕ್ಸು ನೀರಿಗೆ ಹಾಕ್ಲಿಲ್ಲ."

"ಯಾವ್ದು ಅಂತ ಗುರುತು ಹಿಡೀತೀರಾ ಕಲಾವತಮ್ಮ?" ಎಂದ ಗೋಪಿ.

"ಬಂದ್ ತೋರಿಸ್ತೀನಿ ಸಾರ್."

ಬೆಳಿಗ್ಗೆ, ಮಾಲು ಹೋಗಿದ್ದ ಬ್ಯಾಟರಾಯನಪುರದ ಪುಡಿ ಕಂಪನಿಗೆ ಇಬ್ಬರೂ ಹೋದಾಗ ಒಂದು ಬಾಕ್ಸು ಆಗಲೇ ತೆರೆದಿತ್ತು. ಹತ್ತು ಪೌಚು ನೀರಿಗಿಳಿಸಿದರು. ಮೂರರಲ್ಲಿ ಗುಳ್ಳೆ ಎದ್ದಿತು. ಕಲಾವತಿ ಇನ್ನೊಂದು ಬಾಕ್ಸನ್ನೂ ಗುರುತು ಹಿಡಿದು ಎತ್ತಿಕೊಟ್ಟಳು. ಎರಡೂ ಬಾಕ್ಸು ವಾಪಸ್ಸಾದವು. ಮಿಕ್ಕ ಮಾಲಿನ ಸೀಲು ಗಟ್ಟಿಯಾಗಿತ್ತು.

ಅವಳನ್ನು ಮೆಷಿನ್ನಿನಿಂದ ಬಿಡಿಸಿ ಪ್ಯಾಕಿಂಗಿಗೆ ಹಾಕಿದರು. ಇನ್ನು ಇಷ್ಟೇ ಎಂದುಕೊಂಡಳು. ಎಂಟನೇ ದಿನ ಗೋಪಿ ಬಂದು, "ಅದೇ ಫಿಲ್ಮಿಗೆ ಮತ್ತೆ ಆರ್ಡರ್ ಬಂದಿದೆ. ಬೇರೆಯವ್ರ ಕೈಲಿ ಹದ ಸಿಗ್ತಿಲ್ಲ, ಬನ್ನಿ" ಎಂದ.

ಕಲಾವತಿ ಎದ್ದು ಮೆಷಿನ್ನಿನ ಹತ್ತಿರ ಹೋದಳು. ಆ ದಿನವಿಡೀ ಬೆರಳನ್ನು ನಂಬದೆ, ಪ್ರತಿ ಬಾಕ್ಸಿನಿಂದಲೂ ಪೌಚು ತೆಗೆದು ನೀರಿಗೆ ಹಾಕಿ ನೋಡಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಕೆಲಸ ಮುಗಿಸಿದಳು.