ಮೊದಲ ಬೆಂಚಿನ ಗ್ರೀಕ್

ಭಾರವಾದ ಪರಭಾಷೆಯ ಪದವೊಂದು ಕಿವಿಗೆ ಬಿದ್ದರೆ ನನಗೆ ಮೊದಲು ಬರುವುದು ಗೌರವವಲ್ಲ, ಗುಮಾನಿ. ಕೋಲಾರದ ಪತ್ರಿಕಾ ಕಚೇರಿಯಲ್ಲಿ ಅಪರಾಧ ಸುದ್ದಿ ತಿದ್ದುತ್ತಾ ಬಂದವನ ದುರಭ್ಯಾಸ ಇದು. ಅಧಿಕಾರಿ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ಹೊರಳಿದರೆ, ಕೇಳಿದ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ ಎಂದೇ ಲೆಕ್ಕ. ಆದರೆ ಗ್ರೀಕಿಗೆ ಹೊರಳಿದವರನ್ನು ನೋಡಿದ್ದು ಶ್ರೀನಿವಾಸಪುರದ ನಮ್ಮ ಚರ್ಚಿನಲ್ಲೇ.

ನಮ್ಮಲ್ಲಿ ಮದುವೆ ನಿಶ್ಚಯವಾದರೆ ಪಾಸ್ಟರ್ ಮೂರು ಭಾನುವಾರ ಅದನ್ನು ಸಭೆಯ ಮುಂದೆ ಪ್ರಕಟಿಸಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಬೇಕು. ಸಾಮಾನ್ಯವಾಗಿ ಉತ್ತರ ಕೊಡುವುದು ಫ್ಯಾನು ಮಾತ್ರ. ಈ ಸಲ ಮಾವಿನ ಸುಗ್ಗಿ ಮುಗಿದ ಮೇಲೆ ನಮ್ಮ ಸಭೆಯ ಎಸ್ತರ್‌ಳ ಎರಡನೆಯ ಮದುವೆ ಪ್ರಕಟವಾಯಿತು. ಗಂಡ ಜಯರಾಜ್ ಅವಳನ್ನು ಬಿಟ್ಟು, ಕೋರ್ಟಿನಲ್ಲಿ ವಿಚ್ಛೇದನ ಪಡೆದು, ಮತ್ತೊಬ್ಬಳನ್ನು ಮದುವೆಯಾಗಿ ಮಾಲೂರಿನಲ್ಲಿ ಸಂಸಾರ ಹೂಡಿ ವರ್ಷಗಳೇ ಆಗಿದ್ದವು. ಈಗ ಅವಳನ್ನು ಕೈಹಿಡಿಯಲು ಬಂದವನು ಸುಗಟೂರಿನ ಬಸ್ ಡ್ರೈವರ್ ಡೇವಿಡ್, ಹೆಂಡತಿ ತೀರಿಕೊಂಡವನು.

ಎರಡನೆಯ ಭಾನುವಾರ ಫ್ಯಾನಿನ ಬದಲು ಎದ್ದವರು ಜಯರಾಜನ ಅಣ್ಣ ಸ್ಯಾಮ್ಯುಯೆಲ್, ಮಾವಿನ ಮಂಡಿ ಸಾಹುಕಾರರು. ಮೊದಲ ಬೆಂಚು ಅವರಿಗೆ ಪಿತ್ರಾರ್ಜಿತ. ಕೈಯಲ್ಲಿದ್ದ ಫೋನು ನೋಡಿ, ಹರಾಜು ಕೂಗುವ ದನಿಯಲ್ಲಿ, "ಮೊಯಿಖೆಯಾ!" ಎಂದರು. "ಬೈಬಲಿನ ಮೂಲ ಗ್ರೀಕಲ್ಲಿ ವ್ಯಭಿಚಾರಕ್ಕೆ ಇರೋ ಪದ ಅಯ್ಯನೋರೆ. ಗಂಡ ಬಿಟ್ಟೋಳು ಇನ್ನೊಂದ್ ಮದ್ವೆ ಆದ್ರೆ ಅದೇ. ಈ ಮದ್ವೆ ಇಲ್ಲಿ ನಡೀಬಾರ್ದು."

ಪಾಸ್ಟರ್ ಬೆವರು ಒರೆಸಿಕೊಂಡು, "ಮುಂದಿನ ವಾರ ನೋಡೋಣ" ಎಂದರು. ನನ್ನ ಹಿಂದೆ ಕೂತಿದ್ದ ಮಾರ್ತಮ್ಮ ತೆಲುಗು ಬೆರೆಸಿ ಗೊಣಗಿದಳು: "ಏಮಿ ಗ್ರೀಕೋ ಏಮೋ! ಮಾವಿನಕಾಯಿ ತೂಕಾನೇ ನೆಟ್ಟಗೆ ಹೇಳದೋನು."

ಮನೆಗೆ ಬಂದು ಆ ಪದದ ಜಾತಕ ಹುಡುಕಿದೆ. ಹಳೆಯ ಕಾಲದಲ್ಲಿ ಅದು ಮುಖ್ಯವಾಗಿ ಇನ್ನೊಬ್ಬನ ಹೆಂಡತಿಗೆ ಸಂಬಂಧಿಸಿದ ಅಪರಾಧ. ಮದುವೆಯಾದ ಗಂಡಸು ಮದುವೆಯಾಗದವಳ ಮನೆಗೆ ಹೋಗಿಬಂದರೆ ಆ ಪದ ಅವನನ್ನು ಮುಟ್ಟುತ್ತಿರಲಿಲ್ಲ. ಒಟ್ಟಿನಲ್ಲಿ, ಬೇರೆಯವರ ತೋಪಿಗೆ ನುಗ್ಗಿದ ಕೇಸು; ತೋಪಿಗೆ ಏನನ್ನಿಸಿತೆಂದು ಯಾರೂ ಕೇಳಿದಂತಿಲ್ಲ. ಯೇಸುಸ್ವಾಮಿ ಅದೇ ಪದವನ್ನು ಹಿಡಿದು ಗಂಡಸಿನ ಕಡೆಗೆ ತಿರುಗಿಸಿದರು. ಕೆಟ್ಟ ಕಣ್ಣಿನಿಂದ ನೋಡಿದವನಿಗೂ ಅದೇ ಪದ, ಹೆಂಡತಿಯನ್ನು ಬಿಟ್ಟು ಮತ್ತೊಬ್ಬಳನ್ನು ಕಟ್ಟಿಕೊಂಡವನಿಗೂ ಅದೇ ಪದ. ಹೆಂಗಸಿನ ಮಾತೂ ಅಲ್ಲಿದೆ, ಇಲ್ಲವೆನ್ನಲಾರೆ. ಆದರೆ ಬರುವುದು ಗಂಡಸಿನ ಮಾತಾದ ಮೇಲೆ. ಸ್ಯಾಮ್ಯುಯೆಲರ ಫೋನು ಮೊದಲ ಸಾಲನ್ನು ಹಾರಿಸಿ ಓದಿತ್ತು. ಇಂಥ ವರದಿ ನನ್ನ ಮೇಜಿಗೆ ಬಂದಿದ್ದರೆ, "ಇನ್ನೊಬ್ಬ ಆರೋಪಿ ಎಲ್ಲಿ?" ಎಂದು ಬರೆದು ವಾಪಸು ಕಳಿಸುತ್ತಿದ್ದೆ.

ಮೂರನೆಯ ಭಾನುವಾರ ಪಾಸ್ಟರ್ ಉಳಿದ ಪ್ರಕಟಣೆಗಳನ್ನೆಲ್ಲ ಓದಿ, ಈ ಒಂದು ಚೀಟಿಯನ್ನು ಮಡಚತೊಡಗಿದರು. ಎಸ್ತರ್ ಎದ್ದು ನಿಂತಳು.

"ಭಾವ, ನಿಮ್ ತಮ್ಮನ ಎರಡನೇ ಮದ್ವೇನೂ ಇದೇ ಮೈಕಲ್ಲಿ ಮೂರು ವಾರ ಓದಿದ್ರು. ನೀವು ಇದೇ ಬೆಂಚಲ್ಲಿ ಕೂತಿದ್ರಿ. ಬಿರಿಯಾನಿ ನೀವೇ ನಿಂತು ಬಡಿಸಿದ್ರಂತೆ. ಆವತ್ತು ಫೋನ್ ಮನೇಲಿ ಬಿಟ್ಟಿದ್ರಾ?"

"ಗಂಡಸರ ವಿಷ್ಯ ಬೇರೆ ಕಣಮ್ಮ."

"ಅಷ್ಟಕ್ಕೆ ಗ್ರೀಕ್ ಯಾಕೆ ಭಾವ? ಇದನ್ನ ಕನ್ನಡದಲ್ಲೇ ಹೇಳ್ಬೋದಿತ್ತಲ್ಲ!"

ಹೆಂಗಸರ ಸಾಲಿನಲ್ಲಿ ಶುರುವಾದ ನಗು ಗಂಡಸರ ಸಾಲಿಗೆ ದಾಟಿತು. ಪಾಸ್ಟರಿಗೆ ಬೇಕಾಗಿದ್ದ ಧೈರ್ಯ ಅಷ್ಟೇ ಎಂದು ಕಾಣುತ್ತದೆ. ಚೀಟಿ ಬಿಡಿಸಿ, ಗಟ್ಟಿಯಾಗಿ ಓದಿ, ಆಕ್ಷೇಪಣೆ ಕೇಳಿದರು. ಮೊದಲ ಬೆಂಚು ಸಿಗ್ನಲ್ ಸಿಗದವರಂತೆ ಫೋನನ್ನೇ ತಿಕ್ಕುತ್ತಿತ್ತು. ಫ್ಯಾನು ಮಾತ್ರ ಉತ್ತರ ಕೊಟ್ಟಿತು.

ಮದುವೆ ನಡೆಯಿತು. ಸ್ಯಾಮ್ಯುಯೆಲರೂ ಬಂದಿದ್ದರು, ತತ್ವಕ್ಕೆ ಹೆದರಿ ಊಟ ಬಿಡುವ ಜನವಲ್ಲ ನಾವು. ಮೊದಲ ಪಂಕ್ತಿಯಲ್ಲೇ ಕೂತರು. ಅಲ್ಲಿ ಅವರಾಡಿದ್ದು ಒಂದೇ ಮಾತು: "ಇನ್ನೊಂಚೂರು ಶೇರ್ವ ಹಾಕಪ್ಪ."

ಅದಕ್ಕೆ ಮೂಲ ಗ್ರೀಕಿನಲ್ಲಿ ಏನನ್ನುತ್ತಾರೆಂದು ಯಾರೂ ಕೇಳಲಿಲ್ಲ. ಬಡಿಸುತ್ತಿದ್ದವನು ಕನ್ನಡದಲ್ಲೇ ಅರ್ಥ ಮಾಡಿಕೊಂಡು ಎರಡು ಸೌಟು ಹಾಕಿ ಮುಂದೆ ಹೋದ.