ಕೆಫೀನ್ ತೆಗೆದ ಶನಿವಾರ

ಈ ಶನಿವಾರ ಬೆಳಗ್ಗೆ ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ವಾಸನೆ ಬಿಟ್ಟು ಇನ್ನೇನೂ ಇರಲಿಲ್ಲ. ಬೋರಲು ಹಾಕಿ ತಟ್ಟಿದೆ, ಚಮಚದಲ್ಲಿ ಮೂಲೆ ಕೆರೆದೆ. ಒಂದು ಇರುವೆಗೂ ಸಾಲದಷ್ಟು ಪುಡಿ ಉದುರಿತು. ಸ್ಕೂಲು ಮುಗಿಸಿ ಡಬ್ಬಿ ಸಮೇತ ಶಿರಾ ಗೇಟಿಗೆ ಹೋದರೆ ಭಾಯ್ ಕಾಫಿಪುಡಿ ಅಂಗಡಿಯ ಶಟರ್ ಎಳೆದಿತ್ತು. ಪಕ್ಕದ ಅಂಗಡಿಯವರು, "ಕುಣಿಗಲ್‌ನಲ್ಲಿ ಅವ್ರ ತಂಗಿ ಮಗಳ ಮದ್ವೆ ಟೀಚರ್, ಇನ್ನು ಸೋಮವಾರಾನೇ ಬರೋದು" ಅಂದರು. ಆಗಲಿ, ಹುಡುಗಿ ಸುಖವಾಗಿರಲಿ. ಆದರೆ ಮಧ್ಯಾಹ್ನ ಗುಬ್ಬಿಗೆ ನಾನು ಬರಿಗೈಯಲ್ಲಿ ಹೋಗುವುದು ಹೇಗೆ? ಖಾಲಿ ಡಬ್ಬಿ ಹಿಡಿದು ಶಟರ್ ಮುಂದೆ ಪೆಚ್ಚಾಗಿ ನಿಂತವಳಿಗೆ ಹಿಂದಿನದೆಲ್ಲ ನೆನಪಾಯಿತು. ಕೇಳಿಸಿಕೊಳ್ಳಿ, ನಿಮಗಲ್ಲದೆ ಇನ್ಯಾರಿಗೆ ಹೇಳಲಿ.

ಗುಬ್ಬಿಯಲ್ಲಿರುವುದು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾರೆ. ಅಣ್ಣ ಇದ್ದಾಗ ನಮ್ಮಿಬ್ಬರದು ಅಷ್ಟಕ್ಕಷ್ಟೆ. ನಾನೋ ಬಾಯಿಬಡುಕಿ; ಅವರು ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುವವರು. ಅವರ ಮೌನವನ್ನು ನಾನು ಜಂಬ ಅಂದುಕೊಂಡಿದ್ದೆ. ನನ್ನ ಮಾತನ್ನು ಅವರು ಏನಂದುಕೊಂಡಿದ್ದರೋ, ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ಅಣ್ಣ ತೀರಿಕೊಂಡು, ಕಾರ್ಯ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿದ ದಿನ ನಾನೂ ಬ್ಯಾಗು ಹೆಗಲಿಗೇರಿಸಿದ್ದೆ. ಇನ್ನು ಈ ಮನೆಗೆ ಬರಲು ನನಗೇನು ನೆಪ ಉಳಿಯಿತು ಎಂದು ಹೊಸ್ತಿಲಲ್ಲೇ ನಿಂತಿದ್ದೆ. ಅತ್ತಿಗೆ ಒಂದು ಲೋಟ ಕಾಫಿ ತಂದು ಮುಂದಿಟ್ಟು ಹೇಳಿದರು: "ಶನಿವಾರ ನಿಂಗೆ ಬೆಳಗಿನ ಸ್ಕೂಲಲ್ವಾ? ಬಾ. ಕಾಫಿ ಕುಡ್ಕೊಂಡು ಹೋಗು." ಅವರು ನನ್ನ ಹತ್ತಿರ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಅಂದಿನಿಂದ ಪ್ರತಿ ಶನಿವಾರ ಗುಬ್ಬಿ ಬಸ್ಸು. ನಾನು ಹೋಗುವ ಹೊತ್ತಿಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿರುತ್ತಿತ್ತು. ಮೊದಲ ಡಿಕಾಕ್ಷನ್ ಬಂದವರಿಗೆ, ಮತ್ತೆ ಬಿಸಿನೀರು ಹಾಕಿ ಇಳಿಸಿದ ಎರಡನೆಯದು ಮನೆಯವರಿಗೆ. ಅದು ನಮ್ಮ ಕಡೆ ಮರ್ಯಾದೆ. ಹಾಗಾಗಿ ಇಂಕಿನಷ್ಟು ಕಪ್ಪಗಿನ ಮೊದಲ ಡಿಕಾಕ್ಷನ್ ಪೂರ್ತಿ ನನ್ನ ಲೋಟಕ್ಕೆ. ಅತ್ತಿಗೆ ತಮ್ಮ ಉದ್ದನೆಯ ಸ್ಟೀಲ್ ಲೋಟವನ್ನು ಮೆಷಿನ್ನಿನ ಹಲಗೆ ಮೇಲಿಟ್ಟುಕೊಂಡು, ಕಾಜಾ ಹಾಕುತ್ತ ಗುಟುಕು ಗುಟುಕಾಗಿ ಕುಡಿಯುವರು. ನಾನು ಸ್ಕೂಲಿನ ಸುದ್ದಿಯೆಲ್ಲ ಒದರುತ್ತಿದ್ದೆ, ಅವರು ಹೂಂ ಅನ್ನುತ್ತಿದ್ದರು. ಬರುಬರುತ್ತ ಆ ಹೂಂ ಕೇಳದಿದ್ದರೆ ನನಗೆ ವಾರ ಮುಗಿದ ಹಾಗೇ ಅನಿಸುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಒಂಬತ್ತನೇ ಕ್ಲಾಸಿನಲ್ಲಿ ಹೃದಯದ ಚಿತ್ರ ಬರೆಯುತ್ತಿದ್ದೆ. ನಾನು ಸೈನ್ಸ್ ಟೀಚರ್. ಬೋರ್ಡಿನ ಮೇಲಿನ ಹೃದಯ ಸುಮ್ಮನಿತ್ತು, ನನ್ನದು ಮಾತ್ರ ಡವಡವ ಹೊಡೆದುಕೊಂಡು ಸೀಮೆಸುಣ್ಣ ಕೈಜಾರಿತು. ಡಾಕ್ಟರು ಇಸಿಜಿ, ರಕ್ತ ಎಲ್ಲ ನೋಡಿ, "ಹೆದರೋದು ಏನಿಲ್ಲ. ದಿನಕ್ಕೆ ಎಷ್ಟು ಕಾಫಿ?" ಅಂದರು.

"ಎರಡು, ಮೂರು ಸಾರ್."

"ನಿಜ ಹೇಳಿ."

"ಏಳು."

"ಕಮ್ಮಿ ಮಾಡಿ. ಪೂರ್ತಿ ಬಿಟ್ರೆ ಇನ್ನೂ ಒಳ್ಳೇದು."

ಈಗ ನನ್ನ ಜಾಣತನ ಕೇಳಿ, ನಗಬೇಡಿ. ನಮ್ಮಲ್ಲಿ ಕಾಫಿಯಲ್ಲಿ ಏನೇ ಕೆಟ್ಟದ್ದಿದ್ದರೂ ಅದಕ್ಕೆ ಕಾರಣ ಚಿಕೋರಿ ಎಂದೇ ಲೆಕ್ಕ. ಕಹಿಯಾಯಿತೇ, ಚಿಕೋರಿ. ಹೊಟ್ಟೆ ಉರಿಯಿತೇ, ಚಿಕೋರಿ. ಉತ್ತೇಜಕ ವಸ್ತುಗಳ ಪಾಠವನ್ನು ಇಪ್ಪತ್ತು ವರ್ಷ ಬಾಯಿಪಾಠ ಒಪ್ಪಿಸಿದ ನಾನೂ ಹಾಗೇ ನಂಬಿದ್ದೆ. ನೇರ ಭಾಯ್ ಅಂಗಡಿಗೆ ಹೋಗಿ, "ಡಾಕ್ಟರು ಹೇಳಿದ್ದಾರೆ ಭಾಯ್, ಇನ್ಮೇಲೆ ಚಿಕೋರಿ ಒಂದು ಚೂರೂ ಬೇಡ. ಪ್ಯೂರ್ ಕೊಡಿ" ಅಂದೆ. ಅರ್ಧ ಕೇಜಿ ಅತ್ತಿಗೆಗೂ ಕಟ್ಟಿಸಿದೆ. ಅವರ ಆರೋಗ್ಯವೂ ನೆಟ್ಟಗಿರಲಿ ಎಂಬ ಕಾಳಜಿ!

ಆ ಶನಿವಾರ ಪ್ಯೂರ್ ಪುಡಿಯ ಮೊದಲ ಡಿಕಾಕ್ಷನ್ ಕುಡಿದು ಬಸ್ಸು ಹತ್ತಿದವಳಿಗೆ ಗುಬ್ಬಿ ದಾಟುವಷ್ಟರಲ್ಲಿ ಎದೆಯೊಳಗೆ ತಮಟೆ ಶುರುವಾಯಿತು. ಪಕ್ಕದ ಸೀಟಿನ ಬೆಳ್ಳಾವಿ ಕಡೆಯ ಹೆಂಗಸೊಬ್ಬಳು, "ಯಾಕಮ್ಮಣ್ಣಿ, ಯಾರಾದ್ರೂ ಬೈದ್ರಾ?" ಎಂದು ಬೆನ್ನು ಸವರಿದಳು. ಬೈಯಬೇಕಾದ್ದು ನನ್ನನ್ನೇ ಅಂತ ಅವಳಿಗೆ ಹೇಗೆ ಹೇಳಲಿ?

ಸೋಮವಾರ ಭಾಯ್ ಮುಂದೆ ಗೋಳು ಹೇಳಿಕೊಂಡೆ. ಅವರು ಪುಡಿ ಬೀಸುವ ಮೆಷಿನ್ ನಿಲ್ಲಿಸಿ ನನ್ನನ್ನೇ ನೋಡಿದರು. "ಅಯ್ಯೋ ಟೀಚರ್, ಚಿಕೋರಿ ಅಂದ್ರೆ ಬರೀ ಬೇರು. ಪಾಪದ್ದು. ಅದ್ರಲ್ಲಿ ಕೆಫೀನೇ ಇಲ್ಲ. ಇರೋದೆಲ್ಲ ಬೀಜದಲ್ಲಿ. ನೀವು ಪಾಪದವ್ನನ್ನ ಆಚೆ ಹಾಕಿ ಕಳ್ಳನ್ನ ಒಳಗೆ ಕೂರಿಸ್ಕೊಂಡಿದೀರ!" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು.

ಸರಿ, ಪೂರ್ತಿ ಬಿಟ್ಟೇಬಿಡುವುದು ಅಂತ ತೀರ್ಮಾನಿಸಿದೆ. ಮೂರು ದಿನ ತಲೆ ಸಿಡಿಯಿತು. ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಯಾರ ಮನೆಯ ಒಗ್ಗರಣೆ ಕೇಳಿದರೂ ಸಿಟ್ಟು ಬರುತ್ತಿತ್ತು. ನಮ್ಮನೆಯವರು ಟೀ ಕುಡಿಯುವವರು. ಅವರು ಸೊರ್ ಎಂದು ಹೀರಿದಾಗಲೆಲ್ಲ ಕೆಂಗಣ್ಣು ಬಿಟ್ಟೆ. ಅದನ್ನೆಲ್ಲ ತಡೆದುಕೊಂಡೆ. ಶನಿವಾರವನ್ನು ತಡೆದುಕೊಳ್ಳುವುದು ಹೇಗೆಂದೇ ತಿಳಿಯಲಿಲ್ಲ. ನಮ್ಮ ಕಡೆ ಕಾಫಿ ಬೇಡ ಅಂದರೆ ಒಂದೋ ಶುಗರ್ ಇರಬೇಕು, ಇಲ್ಲ ಮುನಿಸಿರಬೇಕು. ಅದರಲ್ಲೂ ಕಾಫಿಗೆಂದೇ ಕರೆದವರ ಮುಂದೆ ಕಾಫಿ ಬೇಡ ಅಂದರೆ, ಇನ್ನು ಬರುವುದಿಲ್ಲ ಅಂದ ಹಾಗೇ ಅಲ್ಲವೇ? ಹೋಗುವುದನ್ನೇ ನಿಲ್ಲಿಸಿದೆ. ಒಂದು ವಾರ ಪೇಪರ್ ತಿದ್ದುವುದಿದೆ ಅಂದೆ, ಇನ್ನೊಂದು ವಾರ ಮೀಟಿಂಗ್ ಅಂದೆ. "ಆಯ್ತು ಬುಡು" ಅನ್ನುತ್ತಿದ್ದರು ಅತ್ತಿಗೆ. ಮೂರನೇ ವಾರ ನಾನು ನೆಪ ಹುಡುಕುತ್ತಿರುವಾಗ ಫೋನಿನ ಆ ಕಡೆ ಮೆಷಿನ್ನಿನ ಸದ್ದು ನಿಂತಿತು.

"ನನ್ನಿಂದೇನಾದ್ರೂ ತಪ್ಪಾಯ್ತೇನೇ?"

"ಅಯ್ಯೋ, ಇಲ್ಲ ಅತ್ತಿಗೆ, ಬರೋ ವಾರ ಖಂಡಿತ ಬರ್ತೀನಿ" ಅಂದೆ. ಫೋನಿಟ್ಟು ಅತ್ತುಬಿಟ್ಟೆ.

ಕೆಫೀನ್ ತೆಗೆದ ಕಾಫಿಯೂ ಸಿಗುತ್ತದೆಂದು ಕೇಳಿದ್ದೆ. ಮೊದಲು ಆನ್‌ಲೈನಿನಲ್ಲಿ ಒಂದು ಬಾಟಲಿ ಇನ್‌ಸ್ಟಂಟ್ ಪುಡಿ ತರಿಸಿದೆ, ಬಿಸಿ ಹಾಲಿಗೆ ಹಾಕಿ ಕಲಕಿದರಾಯಿತು. ನೆನೆದ ರಟ್ಟಿನ ರುಚಿ. ಅದನ್ನು ಅತ್ತಿಗೆ ಮನೆಗೆ ಒಯ್ದರೆ ನಿಜವಾಗಿಯೂ ಸಂಬಂಧ ಕಡಿಯುತ್ತಿತ್ತು. ಕೊನೆಗೆ ಮತ್ತೆ ಭಾಯ್ ಹತ್ತಿರವೇ ಹೋದೆ. ವಿಷಯವನ್ನೆಲ್ಲ ಕೇಳಿದ ಮೇಲೆ ಅವರು ನಗಲಿಲ್ಲ. "ಬೀಜ ಕಳಿಸೋರಿಗೆ ಹೇಳ್ತೀನಿ, ನಾಲ್ಕು ದಿನ ಟೈಮ್ ಕೊಡಿ" ಅಂದರು. ಕೆಫೀನ್ ತೆಗೆದ ಬೀಜ ಬಂತು. ಭಾಯ್ ಅದನ್ನು ತಾವೇ ಕಪ್ಪಗೆ ಹುರಿದು, ಬೀಸಿ, ಮುಕ್ಕಾಲು ಪಾಲಿಗೆ ಕಾಲು ಪಾಲು ಚಿಕೋರಿ ಬೆರೆಸಿದರು. "ಮಂದ ಬರೋಕೆ ಇವ್ನು ಬೇಕೇ ಬೇಕು ಟೀಚರ್, ಕ್ಷಮಿಸಿಬಿಡಿ ಇವ್ನನ್ನ." ಮನೆಗೆ ಬಂದು ಫಿಲ್ಟರಿಗೆ ಹಾಕಿದೆ. ಕಪ್ಪಗೆ, ಮಂದವಾಗಿ ಇಳಿಯಿತು. ಒಂದು ಗುಟುಕು ಕುಡಿದು ಕೂತೆ. ಕಾಫಿ ಕಣ್ರೀ! ಕಾಫಿಯೇ! ಎದೆ ಮೇಲೆ ಕೈಯಿಟ್ಟುಕೊಂಡು ಅರ್ಧ ಗಂಟೆ ಕಾದೆ. ಅದು ತನ್ನ ಪಾಡಿಗೆ ತಾನು ಬಡಿದುಕೊಂಡಿತ್ತು.

ಶನಿವಾರ ಪುಡಿಯ ಪೊಟ್ಟಣ ಹಿಡಿದು ಗುಬ್ಬಿಗೆ ಹೋದೆ. "ಹೊಸ ಪುಡಿ ಅತ್ತಿಗೆ, ಇದನ್ನೇ ಹಾಕಿ" ಎಂದೆ, ಅಷ್ಟೇ. ಅವರು ನನ್ನನ್ನೂ ಪೊಟ್ಟಣವನ್ನೂ ಒಮ್ಮೆ ನೋಡಿ ಒಳಗೆ ಹೋದರು. ಕಾಫಿ ಬೆರೆಸುವ ಹೊತ್ತಿಗೆ ಯಾರೋ ಬ್ಲೌಸ್ ಕೇಳಿಕೊಂಡು ಬಂದರೆಂದು ಅತ್ತಿಗೆ ಬಾಗಿಲಿಗೆ ಹೋದರು. ಲೋಟಗಳನ್ನು ನಾನೇ ತರೋಣವೆಂದು ಅಡುಗೆಮನೆಗೆ ಕಾಲಿಟ್ಟೆ. ಇಷ್ಟು ಶನಿವಾರಗಳಲ್ಲಿ ಅದೇ ಮೊದಲು. ಕಟ್ಟೆ ಮೇಲೆ ನನ್ನ ಲೋಟದಲ್ಲಿ ಕಾಫಿ ಇತ್ತು. ಅವರ ಉದ್ದನೆಯ ಲೋಟದಲ್ಲಿ ಧನಿಯ, ಜೀರಿಗೆ ಕಷಾಯ.

"ಇದ್ಯಾವಾಗಿಂದ ಅತ್ತಿಗೆ?"

ಅಷ್ಟರಲ್ಲಿ ವಾಪಸು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಮುಖ ಕದ್ದು ಸಿಕ್ಕಿಬಿದ್ದ ಮಕ್ಕಳ ಹಾಗಾಯಿತು. "ನಿಮ್ಮಣ್ಣ ಹೋದ್ಮೇಲೆ ನಿದ್ದೇನೇ ಬರ್ತಿರ್ಲಿಲ್ಲ. ಡಾಕ್ಟ್ರು ಕಾಫಿ ಬುಟ್ಬುಡಿ ಅಂದ್ರು. ಬುಟ್ಟೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಕಾಫಿಗೆ ಅಂತಾನೇ ಕರ್ದಿದ್ದಲ್ವಾ ನಿನ್ನ. ಕಾಫಿನೇ ಕುಡಿಯೋಳಲ್ಲ ಅಂದ್ರೆ ನೀನ್ಯಾಕೆ ಬರ್ತೀಯಾ ಅನ್ಕೊಂಡೆ."

ಹಾಗಾದರೆ ಎರಡನೇ ಡಿಕಾಕ್ಷನ್ ಅನ್ನುವುದೇ ಆ ಮನೆಯಲ್ಲಿ ಇರಲಿಲ್ಲ. ಇಷ್ಟು ವರ್ಷ ಆ ಫಿಲ್ಟರ್ ಕೂತಿದ್ದು ನನ್ನೊಬ್ಬಳಿಗಾಗಿ. ನಾನೂ ಎಲ್ಲ ಒಪ್ಪಿಸಿದೆ: ಏಳು ಲೋಟ, ಚಿಕೋರಿ, ತಮಟೆ, ಸುಳ್ಳು ಮೀಟಿಂಗು, ಕೆಫೀನ್ ತೆಗೆದ ಈ ಪುಡಿ. ಕೇಳುತ್ತ ಕೇಳುತ್ತ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡರು, ಆಮೇಲೆ ತಡೆಯಲಾರದೆ ಜೋರಾಗಿ ನಕ್ಕರು. "ಥೂ ನಿನ್ನ! ಸೈನ್ಸ್ ಟೀಚರಂತೆ!" ಹೋದ ಜೀವ ಬಂದ ಹಾಗಾಯಿತು ನನಗೆ. ಅವತ್ತು ಕಷಾಯವನ್ನು ಸಿಂಕಿಗೆ ಚೆಲ್ಲಿ, ಹೊಸ ಪುಡಿಯ ಕಾಫಿಯನ್ನು ಇಬ್ಬರೂ ಪಕ್ಕಪಕ್ಕ ಕೂತು ಕುಡಿದೆವು. ಮಾರನೇ ದಿನ ಅವರೇ ಫೋನ್ ಮಾಡಿ, "ನಿದ್ದೆ ಬಂತು ಕಣೇ" ಅಂದರು.

ಆಮೇಲೆ ಇಲ್ಲಿಯವರೆಗೆ ಒಂದು ಶನಿವಾರವೂ ತಪ್ಪಿಲ್ಲ, ಪ್ರತಿ ಸಲ ಇಬ್ಬರಿಗೂ ಪುಡಿ ಒಯ್ಯುವವಳು ನಾನೇ. ಈಗ ಮುಚ್ಚಿದ ಶಟರ್ ಮುಂದೆ ನಿಂತು ಫೋನ್ ಮಾಡಿದೆ.

"ಅತ್ತಿಗೆ, ಪುಡಿ ಮುಗ್ದಿದೆ. ಭಾಯ್ ಊರಲ್ಲಿಲ್ಲ."

"ಅದಕ್ಕೇನೀಗ?" ಮೆಷಿನ್ ನಿಲ್ಲಲೇ ಇಲ್ಲ. "ಹಾಲು ತಗೊಂಡಿದೀನಿ. ಬೇಗ ಬಾ."

ಬರಿಗೈಯಲ್ಲೇ ಬಸ್ಸು ಹತ್ತಿದೆ. ಅತ್ತಿಗೆ ತಮ್ಮ ಅದೇ ಧನಿಯ, ಜೀರಿಗೆ ಕಷಾಯ ಕಾಸಿ, ಮೊದಲ ಲೋಟ ನನ್ನ ಮುಂದೆ ಇಟ್ಟರು. ರುಚಿ ಅಷ್ಟೇನೂ ಕೆಟ್ಟದಾಗಿರಲಿಲ್ಲ. ನಿಮ್ಮ ಹತ್ತಿರ ಸುಳ್ಳು ಯಾಕೆ, ಕೆಟ್ಟದಾಗಿಯೇ ಇತ್ತು. ಎರಡು ಲೋಟ ಕುಡಿದೆ.