ತಂತಿ ಕಟ್ಟಿದ ಗೆಂಡೆ

ಗಂಗಮ್ಮನಿಗೆ ಬಿಟ್ಟ ಮೀನನ್ನು ತಿಂದವನು ನಾನು. ತಿಂದು, ಬಾಯಿ ಒರೆಸಿಕೊಂಡು, ಅದನ್ನು ಬಿಟ್ಟವನನ್ನೇ ಊರ ಮುಂದೆ ಸುಳ್ಳುಗಾರ ಅಂದವನೂ ನಾನೇ. ಹನ್ನೊಂದು ವರ್ಷ ಯಾರಿಗೂ ಹೇಳಲಿಲ್ಲ — ಹೆಂಡತಿಗೆ ಅರ್ಧ ಗೊತ್ತು, ಉಳಿದರ್ಧ ಅವಳು ಕೇಳಲಿಲ್ಲ. ಈಗ ಹೇಳುತ್ತಿರುವುದು ಮನಸ್ಸು ಹಗುರ ಮಾಡಿಕೊಳ್ಳಲು ಅಲ್ಲ. ಅದು ಹಗುರ ಆಗಲೂಬಾರದು. ನನಗೆ ನನ್ನ ಮೇಲೆ ಸಿಟ್ಟಿದೆ, ನಮ್ಮ ಊರಿನ ಮೇಲೂ ಇದೆ, ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನನ್ನ ಹೆಸರು ತಿಮ್ಮಪ್ಪ. ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣಾ ಹೊಳೆಯ ದಂಡೆಗೆ ನಮ್ಮ ಊರು. ತೆಪ್ಪ ಮತ್ತು ಬಲೆ ಬಿಟ್ಟರೆ ಬೇರೆ ಕಸುಬು ನನಗೆ ಗೊತ್ತಿಲ್ಲ. ಬಲೆಯ ಕಣ್ಣನ್ನು ನಮ್ಮಲ್ಲಿ ಬೆರಳಿನಿಂದ ಅಳೆಯುತ್ತಾರೆ. ಕಣ್ಣಿನೊಳಗೆ ನಾಲ್ಕು ಬೆರಳು ಸಲೀಸಾಗಿ ಹೋಗಬೇಕು, ಹೋಗದಿದ್ದರೆ ಬಿಚ್ಚಿ ಮತ್ತೆ ಹೆಣೆಯಬೇಕು. ಹಾಗೆಂದು ನನಗೆ ಕಲಿಸಿದವನು ಯಂಕಪ್ಪ ಕಾಕಾ. ಅಪ್ಪನ ಜತೆಗಾರ. ಅಪ್ಪ ಹೋದ ಮೇಲೆ ನನ್ನನ್ನು ತನ್ನ ತೆಪ್ಪದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ. ಅವನ ಕೈಯಲ್ಲಿ ಕಲಿತವನೇ ಅವನಿಗೆ ಹೀಗೆ ಮಾಡಿದೆ — ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ರಾಯಚೂರಿನಿಂದ ಒಂದು ಬೆರಳಿನ ನೈಲಾನ್ ಬಲೆಯನ್ನು ಊರಿಗೆ ಮೊದಲು ತಂದವನು ನಾನು. ಒಬ್ಬನೇ ತಂದಿದ್ದರೆ ಒಂದು ಮಾತು. ಮನೆ ಮನೆಗೆ ಹೋಗಿ, ನಾಲ್ಕು ಬೆರಳಿನದು ಮುದುಕರ ಬಲೆ, ಅರ್ಧ ಮೀನು ಅದರೊಳಗಿಂದ ನಗುತ್ತ ಹೋಗುತ್ತವೆ ಅಂದೆ. ಎಲ್ಲರೂ ತಂದರು. ಮೊದಲ ವರ್ಷ ತೆಪ್ಪ ತುಂಬಿತು, ಊರಲ್ಲಿ ನನ್ನ ಮಾತಿಗೆ ತೂಕ ಬಂತು. ಆ ತೂಕ ನನ್ನ ತಲೆಗೇರಿತು.

ಕಾರಹುಣ್ಣಿಮೆಯ ಆಸುಪಾಸಿಗೆ ಹೊಳೆಗೆ ಹೊಸ ನೀರು ಬರುತ್ತದೆ. ಆ ನೀರಿನಲ್ಲಿ ಬಲೆಗೆ ಬಿದ್ದ ಮೊದಲ ಗೆಂಡೆ ಮೀನಿಗೆ ಅರಿಶಿನ ಕುಂಕುಮ ಹಚ್ಚಿ ತಿರುಗಿ ಬಿಡುವುದು ನಮ್ಮ ಪದ್ಧತಿ. ಅದು ಗಂಗಮ್ಮನ ಪಾಲು, ಯಾರೂ ತಿನ್ನುವುದಿಲ್ಲ. ಸಣ್ಣಕಣ್ಣಿನ ಬಲೆ ಬಂದ ವರ್ಷದಿಂದ ಕಾಕಾ ಇದಕ್ಕೊಂದು ಹೊಸ ಕೆಲಸ ಸೇರಿಸಿದ. ಹೊಳೆಯ ನಡುವೆ ತೆಪ್ಪದಲ್ಲಿ ಒಬ್ಬನೇ ಕೂತು, ತಾನು ಬಿಡುವ ಮೀನಿನ ಬೆನ್ನಿನ ರೆಕ್ಕೆಗೆ ತೆಳ್ಳನೆಯ ಹಿತ್ತಾಳೆ ತಂತಿ ಪೋಣಿಸುತ್ತಿದ್ದ — ಮೊದಲ ವರ್ಷದ ಮೀನಿಗೆ ಒಂದು ಗಂಟು, ಎರಡನೆಯದಕ್ಕೆ ಎರಡು. ಬಿಡುವ ಮುಂಚೆ ಮೀನಿನ ಉದ್ದಕ್ಕೆ ಸರಿಯಾಗಿ ಬಲೆಯ ಹುರಿ ಕತ್ತರಿಸಿ, ಅದಕ್ಕೂ ಅಷ್ಟೇ ಗಂಟು ಹಾಕಿ ಮನೆಯ ಜಂತೆಗೆ ಕಟ್ಟಿಡುತ್ತಿದ್ದ. ಅವನು ಹೇಳಿದ್ದು ಕೇಳಿ ನಾವು ನಗುತ್ತಿದ್ದೆವು. ಮುದುಕನಿಗೆ ಅರಳು ಮರಳು ಅಂದೆವು.

ನಾಲ್ಕನೆಯ ಮಳೆಗಾಲದ ಹೊತ್ತಿಗೆ ತೆಪ್ಪದಲ್ಲಿ ಮೀನೇನೋ ಇದ್ದವು, ಆದರೆ ಗೇಣು ದಾಟಿದ್ದು ಸಿಗುತ್ತಿರಲಿಲ್ಲ. ಅಪ್ಪನ ಕಾಲದಲ್ಲಿ ನಾಲ್ಕು ಮಳೆ ಕಂಡ ಗೆಂಡೆ ಮೊಳ ದಾಟುತ್ತಿತ್ತು. ಇವು ಈ ವರ್ಷದ ಮರಿ, ಬೆಳೆಯುತ್ತವೆ ಬಿಡಿ ಅಂತ ನಾನು ಎಲ್ಲರಿಗೂ ಸಮಾಧಾನ ಹೇಳುತ್ತಿದ್ದೆ. ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಸೇರಿದಾಗ ಕಾಕಾ ಎದ್ದು ನಿಂತ. ಇವು ಮರಿಯಲ್ಲ, ವಯಸ್ಸಾದವೇ, ಬೆಳೆಯುವುದನ್ನೇ ಬಿಟ್ಟಿವೆ ಅಂದ. ಬೇಗ ಬೆಳೆದದ್ದು ಬಲೆಗೆ ಬೀಳುತ್ತದೆ, ಬೆಳೆಯದ್ದು ತಪ್ಪಿಸಿಕೊಂಡು ಹೊಳೆಯಲ್ಲಿ ಉಳಿಯುತ್ತದೆ, ತತ್ತಿ ಇಡುವುದು ಅದೇ ತಾನೆ ಅಂತ ಕೇಳಿದ. ಯಾರಿಗೂ ಅರ್ಥವಾಗದಂಥ ಮಾತಲ್ಲ. ಸಿರವಾರದ ಕಡೆ ಗದ್ದೆ ಕೆಲಸಕ್ಕೆ ಹೋಗಿ ಬಂದವರೇ ಎಲ್ಲರೂ.

"ಒಕ್ಕಲಿಗ ಚಲೋ ತೆನಿ ಬೀಜಕ್ಕ ಇಟ್ಟು ಜೊಳ್ಳು ತೂರ್ತಾನ. ನಾವು ಚಲೋದ್ದು ತಿಂದು ಜೊಳ್ಳು ಬೀಜಕ್ಕ ಬಿಡಾಕತ್ತೀವಿ," ಅಂದ. ಆಮೇಲೆ ನನ್ನ ಕಡೆ ತಿರುಗಿದ. "ತಿಮ್ಮಾ, ನೀ ಹೊಳಿಗೆ ಜರಡಿ ಹಿಡದೀಯಪ್ಪಾ."

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಕಾಕಾ ಹುರಿಗಳನ್ನು ತೆಗೆದು ತೋರಿಸಿ ಒಂದು ಪಂಥ ಕಟ್ಟಿದ. ಮುಂದಿನ ಕಾರಹುಣ್ಣಿಮೆಯೊಳಗೆ ತಂತಿಯ ಮೀನು ಒಂದಾದರೂ ಸಿಕ್ಕೇ ಸಿಗುತ್ತದೆ, ಹುರಿ ಹಿಡಿದು ಅಳೆಯಿರಿ. ಹಿಂದಿನ ಹಾಗೆ ಬೆಳೆದಿದ್ದರೆ ನಾನು ಬಲೆ ಹಿಡಿಯುವುದನ್ನೇ ಬಿಡುತ್ತೇನೆ, ಬೆಳೆಯದಿದ್ದರೆ ಒಂದು ಬೆರಳಿನ ಬಲೆ ನೀವು ಬಿಡಿ ಅಂದ. ಮೀನೇ ಸಿಗದಿದ್ದರೆ, ಅಂತ ಯಾರೋ ಕೇಳಿದರು. ಸಿಗದಿದ್ದರೂ ನಾನೇ ಬಿಡುತ್ತೇನೆ ಅಂದ. ಎಂಥ ನಂಬಿಕೆ ನೋಡಿ — ಹೊಳೆಯ ಮೇಲೆ, ಮೀನಿನ ಮೇಲೆ, ನಮ್ಮ ಮೇಲೆ. ಸಿಕ್ಕವನು ತಂದು ತೋರಿಸುವುದಿಲ್ಲ ಎಂಬ ಯೋಚನೆಯೇ ಅವನಿಗೆ ಬರಲಿಲ್ಲ.

ಸಿಕ್ಕಿದ್ದು ನನಗೆ. ಬೇಸಿಗೆಯ ಒಂದು ಬೆಳಗ್ಗೆ, ಬಂಡೆಗಳ ನಡುವಿನ ಮಡುವಿನಲ್ಲಿ. ಬಲೆ ಬಿಡಿಸುವಾಗ ಬೆರಳಿಗೆ ತಂತಿ ಚುಚ್ಚಿತು. ಒಂದೇ ಗಂಟು — ಮೊದಲ ವರ್ಷದ ಮೀನು. ಹೊಳೆಯಲ್ಲಿ ಸುಮಾರು ನಾಲ್ಕು ವರ್ಷ ಬದುಕಿದ ಆ ಗೆಂಡೆ ನನ್ನ ಗೇಣಿಗೆ ಸರಿಯಾಗಿ ಕೂತಿತು. ಅಷ್ಟೇ. ತಂತಿ ಕಟ್ಟಿದ್ದಕ್ಕೇ ಬೆಳೆದಿಲ್ಲ ಅಂದುಕೊಂಡೆ. ನೀರು ಕಡಿಮೆ ಅದಕ್ಕೆ ಅಂದುಕೊಂಡೆ. ಇದ್ದರೂ ಇರಬಹುದು, ಆದರೆ ಅದನ್ನು ಕಟ್ಟೆಯ ಮೇಲೆ ಎಲ್ಲರೆದುರು ಹೇಳಬಹುದಿತ್ತಲ್ಲ? ಹೇಳಲಿಲ್ಲ. ತಂತಿ ಕಿತ್ತು ಸುಣ್ಣದ ಡಬ್ಬಿಯಲ್ಲಿ ಹಾಕಿದೆ. ಯಾಕೋ — ಕೈಯ ಅಭ್ಯಾಸ ಇರಬೇಕು — ಮೀನಿನ ಉದ್ದಕ್ಕೊಂದು ಹುರಿಯನ್ನೂ ಕತ್ತರಿಸಿ ಅದರ ಜತೆ ಇಟ್ಟೆ. ಮೀನನ್ನು ಮನೆಗೆ ಒಯ್ದೆ. ಅದನ್ನು ಸೀಳಿದ ನನ್ನ ಹೆಂಡತಿ ನರಸಮ್ಮ ಒಳಗೆ ಬೆರಳಿಟ್ಟು ನೋಡಿದಳು. ಹೊಟ್ಟೆಯ ತುಂಬ ತತ್ತಿ.

"ಇಷ್ಟು ಸಣ್ಣದಕ್ಕ ಬಸಿರೇನ್ರಿ?" ಅಂದಳು. ರೆಕ್ಕೆ ಯಾಕೆ ಹರಿದಿದೆ ಅಂತ ಕೇಳಲಿಲ್ಲ. ನಾನು ಊಟ ಮಾಡಿದೆ. ರುಚಿ ನೆನಪಿಲ್ಲ ಅಂತ ಬರೆಯಬಹುದು, ಆದರೆ ಅದು ಸುಳ್ಳು. ರುಚಿಯಾಗಿಯೇ ಇತ್ತು.

ಕಾರಹುಣ್ಣಿಮೆಗೆ ಮತ್ತೆ ಎಲ್ಲರೂ ಸೇರಿದರು. ತಂತಿಯ ಮೀನು ಯಾರಿಗಾದರೂ ಸಿಕ್ಕಿತೇ ಅಂತ ಕಾಕಾ ಒಬ್ಬೊಬ್ಬರನ್ನೂ ಕೇಳುತ್ತ ಬಂದ. ಕೊನೆಗೆ ನನ್ನ ಮುಂದೆ ನಿಂತ. ಸುಮ್ಮನೆ ತಲೆ ಆಡಿಸಿದ್ದರೂ ಸಾಕಿತ್ತು. ಆದರೆ ಆ ಜರಡಿಯ ಮಾತು ಇನ್ನೂ ಒಳಗೆ ಉರಿಯುತ್ತಿತ್ತು. "ಕಾಕಾ ತಂತಿ ಕಟ್ಟೇ ಇಲ್ಲ. ಬರೇ ಹುರಿ ಕತ್ತರಿಸಿ ಇಟ್ಟಾನ," ಅಂದೆ. ಹೀಗೆ ಹೇಳುವಾಗ ಡಬ್ಬಿ ನನ್ನ ಸೊಂಟದಲ್ಲೇ ಇತ್ತು.

ಕಾಕಾ ಮನೆಗೆ ಹೋದ. ತನ್ನ ನಾಲ್ಕು ಬೆರಳಿನ ಬಲೆಯನ್ನು ತಂದು ಗಂಗಮ್ಮನ ಕಲ್ಲಿನ ಮುಂದೆ ಇಟ್ಟು, ಆ ವಾರವೇ ಮಾನ್ವಿಗೆ ಮಗಳ ಮನೆಗೆ ಹೊರಟುಹೋದ. ಅರವತ್ತು ದಾಟಿದವನು, ಅಲ್ಲಿ ಯಾರದೋ ಮೀನಿನ ಹೊಂಡ ಕಾಯಲು ನಿಂತ. ಬೇರೆಯವರು ಬೆಳೆಸುವ ಮೀನಿಗೆ ಹಿಂಡಿ ಹಾಕುವ ಕೆಲಸ — ಹೊಳೆಯ ಗೆಂಡೆ ಇವನ ಕೈಯ ಸಪ್ಪಳ ಗುರುತಿಸುತ್ತದೆ ಅನ್ನುತ್ತಿದ್ದರಲ್ಲ, ಅವನಿಗೆ.

ಆಮೇಲಿನದನ್ನು ಹೇಳಲು ನನಗೆ ಹಲ್ಲು ಕಡಿಯುವಷ್ಟು ಸಿಟ್ಟು. ಒಂದು ಬೆರಳಿನ ಕಣ್ಣೂ ದೊಡ್ಡದು ಅನ್ನಿಸಿತು, ಸೊಳ್ಳೆಪರದೆಯಂಥದ್ದು ಬಂತು. ಯಾರೂ ತಡೆಯಲಿಲ್ಲ, ತಡೆಯಬೇಕಾದವನನ್ನು ನಾನು ಓಡಿಸಿದ್ದೆ. ಕೃಷ್ಣೆಯ ದಂಡೆಯಲ್ಲಿ ಕೂತು ಐಸಿನ ಡಬ್ಬಿಯಲ್ಲಿ ಬರುವ ಆಂಧ್ರದ ಕೆರೆಮೀನು ತಿನ್ನುತ್ತೇವೆ ನಾವು, ನಾಚಿಕೆಯೂ ಆಗುವುದಿಲ್ಲ. ಹೊಳೆ ಹಾಳಾಯಿತು, ನೀರು ಹಾಳಾಯಿತು, ಕಾಲ ಕೆಟ್ಟಿತು ಅನ್ನುತ್ತೇವೆ. ಹಾಳು ಮಾಡಿದ ಕೈ ಮಾತ್ರ ಯಾರದೂ ಅಲ್ಲ! ಹೋದ ತಿಂಗಳು ರಾಯಚೂರಿನ ಮಾರ್ಕೆಟ್ಟಿನಲ್ಲಿ ಒಬ್ಬ ಹೆಣ್ಣುಮಗಳು ನನ್ನ ಬುಟ್ಟಿಯಿಂದ ಅಂಗೈಯಷ್ಟಿದ್ದ ಗೆಂಡೆ ಎತ್ತಿ, ಹೊಟ್ಟೆ ಒತ್ತಿ ನೋಡಿ, ಬರೀ ತತ್ತಿ, ತಿನ್ನಲಿಕ್ಕೆ ಏನಿದೆ ಅಂತ ತಿರುಗಿ ಹಾಕಿದಳು. ಆಗ ಗೇಣಿದ್ದದ್ದು ಈಗ ಅಂಗೈಗೆ ಇಳಿದಿತ್ತು. ಬುಟ್ಟಿ ಪಕ್ಕದವಳಿಗೆ ಒಪ್ಪಿಸಿ ಮಾನ್ವಿಯ ಬಸ್ಸು ಹತ್ತಿದೆ.

ಕಾಕಾ ಹೊಂಡದ ದಂಡೆಯಲ್ಲಿ ಕೂತಿದ್ದ. ಕಣ್ಣು ಮಂಜಾಗಿದೆ, ಆದರೂ ನಾನು ಬಾಯಿ ಬಿಟ್ಟ ಕೂಡಲೇ ಗುರುತಿಸಿದ. ನಿಂತುಕೊಂಡೇ ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿ ಅಂತಲೇ ಹೋಗಿದ್ದೆ. ಅವನು ಕೇಳಿದ್ದು ಒಂದೇ ಮಾತು.

"ಎಷ್ಟು ಉದ್ದ ಇತ್ತು?"

ಹನ್ನೊಂದು ವರ್ಷದಿಂದ ಸೊಂಟದಲ್ಲೇ ಇದ್ದ ಡಬ್ಬಿಯಿಂದ ತಂತಿ ಮತ್ತು ಹುರಿ ತೆಗೆದು ಅವನ ಅಂಗೈಯಲ್ಲಿ ಇಟ್ಟೆ. ಅವನು ಎದ್ದು ಗುಡಿಸಲೊಳಗೆ ಹೋಗಿ, ಒಂದು ಗಂಟಿನ ತನ್ನ ಹುರಿಯನ್ನು ತಂದ. ಊರು ಬಿಡುವಾಗ ಜಂತೆಯಿಂದ ಬಿಚ್ಚಿಕೊಂಡು ಬಂದಿದ್ದನಂತೆ. ಎರಡನ್ನೂ ತೊಡೆಯ ಮೇಲೆ ಪಕ್ಕಪಕ್ಕ ಹಾಸಿ ಬೆರಳಾಡಿಸಿದ. ನಾಲ್ಕು ವರ್ಷದಲ್ಲಿ ಬೆಳೆದದ್ದು ಎರಡೇ ಬೆರಳು. ಊರಿಗೆ ಬಾ ಕಾಕಾ, ಎಲ್ಲರ ಮುಂದೆ ನಿನ್ನ ಕಾಲು ಹಿಡಿಯುತ್ತೇನೆ ಅಂದೆ.

"ನಾ ಯಾಕ ಬರ್ಲಿ? ನನಗ ಆಗ ಗೊತ್ತಿತ್ತು, ಈಗೂ ಗೊತ್ತದ. ಸುಳ್ಳ ಅಂದ ಬಾಯಿಂದನ ಖರೇ ಬರ್ಲಿ," ಅಂದು ಎರಡೂ ಹುರಿಯನ್ನು ನನ್ನ ಕಡೆ ನೂಕಿದ. ನೀರು ಬೇಕೇ ಅಂತಲೂ ಕೇಳಲಿಲ್ಲ. ಹಿಂಡಿಯ ಬುಟ್ಟಿ ಎತ್ತಿಕೊಂಡು ಹೊಂಡದ ಕಡೆ ನಡೆದ.

ಊರಿನವರೇ, ಈ ಕಾರಹುಣ್ಣಿಮೆಗೆ ಗುಡಿಯ ಕಟ್ಟೆಗೆ ಬರುತ್ತೇನೆ. ತಂತಿ ತರುತ್ತೇನೆ, ಎರಡು ಹುರಿ ತರುತ್ತೇನೆ, ನನ್ನ ಒಂದು ಬೆರಳಿನ ಬಲೆಯನ್ನು ಗಂಗಮ್ಮನ ಕಲ್ಲಿನ ಮುಂದೆ ಇಡುತ್ತೇನೆ. ನನ್ನ ಮೇಲೆ ಏನು ಬೇಕಾದರೂ ಎಸೆಯಿರಿ. ಆದರೆ ಮನೆಗೆ ಹೋಗುವ ಮುಂಚೆ ಒಬ್ಬೊಬ್ಬರೂ ಬಂದು ಆ ಎರಡು ಹುರಿಯನ್ನು ಹಾಸಿ, ನಿಮ್ಮ ನಿಮ್ಮ ಬೆರಳಿನಿಂದಲೇ ಅಳೆಯಿರಿ.